‘ಸಮಜಲ ಕಾ?’ ಅಂದ್ರ ಸುಮ್ನ ‘ಹೋ’ ಅನ್ನಬ್ಯಾಡ್ರಿ

(ಸೋನ್ಯಾಳದಲ್ಲಿ ಗಡಿಭಾಗದ ಕನ್ನಡ ಯುವಕರ ಮುಂದೆ ಆಡಿದ ಮಾತು)

 

ನಮ್ಮ ಕಡೆ ಸಭಾ ಅಂದ್ರ ಮೂರು ಮಾತು ಬರತಾವು. ಕನ್ನಡ ಸಾಲಿ, ನೀರು, ರಸ್ತೆ. ಇವತ್ತು ನಾವು ನಾಲ್ಕನೆಯ ಮಾತು ತಂದೀವಿ. ಅದು ಕೋರ್ಟಿನ ಮಾತು.

ನಾವು ಕಾನೂನು ನೆರವಿನ ಕಡೆಯಿಂದ ಬಡವರ ಕ್ರಿಮಿನಲ್ ಅಪೀಲು ನಡೆಸುವ ವಕೀಲರು. ಕಕ್ಷಿದಾರರ ಕಡೆಯಿಂದ ಒಂದು ರೂಪಾಯಿನೂ ತಗೊಳ್ಳುವಂಗಿಲ್ಲ. ಕಬ್ಬು ಕಡಿಯೋರು, ಕುರಿ ಕಾಯೋರು, ದ್ರಾಕ್ಷಿ ತ್ವಾಟದಾಗ ಕೂಲಿ ಮಾಡೋರು ನಮ್ಮ ಕಕ್ಷಿದಾರರು. ಅವರಲ್ಲಿ ಬಹಳ ಮಂದಿಯನ್ನು ನಾವು ಮೊದಲ ಸಲ ನೋಡೋದು ಜೈಲಿನಲ್ಲಿ, ಶಿಕ್ಷೆ ಆದ ಮೇಲೆ.

‘ತಪ್ಪು ಮಾಡಿದವರ ಪರ ಯಾಕ ನಿಲ್ತೀರಿ?’ ಅಂತ ಊರಾಗ ಕೇಳ್ತಾರ. ತಪ್ಪು ಮಾಡಿದಾರೋ ಇಲ್ಲೋ ಅನ್ನೋದನ್ನ ಇನ್ನೊಮ್ಮೆ ತೂಗಿ ನೋಡೋದಕ್ಕೇ ಅಪೀಲು ಅಂತಾರ. ಹಣ ಇದ್ದವರಿಗೆ ಈ ತಕ್ಕಡಿ ಸಿಗತೈತಿ. ಬಡವರಿಗೂ ಸಿಗಲಿ ಅಂತ ನಾವು ನಿಲ್ತೀವಿ.

ಅಪೀಲಿನ ಬಗ್ಗೆ ಒಂದು ಮಾತು ಗಟ್ಟಿಯಾಗಿ ನೆನಪಿಡಿ. ಅದು ಸಾಮಾನ್ಯವಾಗಿ ಮರುವಿಚಾರಣೆ ಅಲ್ಲ. ಮೇಲಿನ ಕೋರ್ಟಿನಲ್ಲಿ ಸಾಕ್ಷಿದಾರರು ಮತ್ತೆ ಬಂದು ನಿಲ್ಲುವುದಿಲ್ಲ. ಕೆಳಗಿನ ಕೋರ್ಟಿನಲ್ಲಿ ಬರೆದ ಕಾಗದವೇ ಅಲ್ಲಿಗೆ ಹೋಗುತ್ತದೆ, ನ್ಯಾಯಮೂರ್ತಿಗಳು ಅದನ್ನೇ ಓದುತ್ತಾರೆ. ಕಾಗದದ ಮೇಲೆ ಬರದ ಮಾತು ನೀವು ಆಡಿಯೇ ಇಲ್ಲ ಅಂತ ಲೆಕ್ಕ.

ಒಬ್ಬ ಹಿರಿಯರ ಕಥೆ ಹೇಳ್ತೀವಿ. ಹೆಸರು ಬ್ಯಾಡ, ಊರೂ ಬ್ಯಾಡ. ಗಡಿಯ ಕನ್ನಡದವರು, ಸಹಿ ಬರೋದಿಲ್ಲ, ಹೆಬ್ಬೆಟ್ಟು. ವಿಚಾರಣೆಯ ಕೊನೆಗೆ ನ್ಯಾಯಾಧೀಶರು ಆರೋಪಿಗೆ ನೇರವಾಗಿ ಪ್ರಶ್ನೆ ಕೇಳ್ತಾರ. ಹಳೆಯ ಕಾಯ್ದೆಯ 313ನೇ ಕಲಂ, ಈಗಿನ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 351. ‘ನಿಮ್ಮ ವಿರುದ್ಧ ಹೀಗೆ ಸಾಕ್ಷ್ಯ ಬಂದಿದೆ, ಏನು ಹೇಳ್ತೀರಿ?’ ಎಂದು ಕೇಳುವ ಹೊತ್ತು ಅದು. ಆರೋಪಿಗೆ ತನ್ನ ಬಾಯಿಂದ ತನ್ನ ಕಥೆ ಹೇಳಲು ಸಿಗುವ ಅವಕಾಶ.

ಪ್ರಶ್ನೆಗಳೆಲ್ಲ ಮರಾಠಿಯಲ್ಲಿ ಇದ್ದವು. ಉತ್ತರದ ಜಾಗದಲ್ಲಿ ‘ಹೋ’, ಮತ್ತೆ ‘ಹೋ’, ನಡುವೆ ಒಂದೆರಡು ‘ಮಾಹೀತ ನಾಹೀ’. ಘಟನೆಯ ಹೊತ್ತಿಗೆ ಅಲ್ಲಿ ಇದ್ದಿರೇನು ಅನ್ನೋದಕ್ಕೂ ‘ಹೋ’ ಅಂತನೇ ಬರೆದಿತ್ತು.

ಜೈಲಿನ ಭೇಟಿ ಖೋಲಿಯಲ್ಲಿ ನಾವು ಕನ್ನಡದಾಗ ಕೇಳಿದೆವು, ‘ಕಾಕಾ, ಅಲ್ಲಿದ್ದೆ ಅಂತ ಒಪ್ಪಿಕೊಂಡೀರಲ್ಲ?’

ಅವರು ನಮ್ಮ ಮುಖಾನೇ ನೋಡಿದರು. ‘ನಾ ಎಲ್ಲಿ ಒಪ್ಪಿಕೊಂಡೇನಿ? ಸಾಹೇಬ್ರು ಏನೋ ಕೇಳಿದ್ರು. ಸಮಜಲ ಕಾ ಅಂದ್ರು. ಇಲ್ಲಂದ್ರ ಸಿಟ್ಟಿಗೆ ಬರತಾರಂತ ಹೋ ಅಂದೆ. ಅವತ್ತು ನಾ ಮಗಳ ಮನ್ಯಾಗ ಇದ್ನಲ್ಲ!’

ಮಗಳ ಮನೆಯ ಮಾತು ಇಡೀ ಕಾಗದದಲ್ಲಿ ಎಲ್ಲೂ ಇರಲಿಲ್ಲ. ಅವರಿಗೆ ಮರಾಠಿ ಬರೋದಿಲ್ಲ ಅನ್ನೋದೂ ಇರಲಿಲ್ಲ. ಆರೋಪಿಯ ಇಂಥ ಉತ್ತರದ ಮೇಲಷ್ಟೇ ಶಿಕ್ಷೆ ಕೊಡಲು ಬರುವುದಿಲ್ಲ, ಆದರೆ ಉಳಿದ ಸಾಕ್ಷ್ಯದ ಜೊತೆ ಅದು ತೂಕಕ್ಕೆ ಬೀಳುತ್ತದೆ. ಅಪೀಲಿನಲ್ಲಿ ನಾವು ಭಾಷೆಯ ಮಾತು ಎತ್ತಿದಾಗ ಬಂದ ಪ್ರಶ್ನೆ ಒಂದೇ: ‘ಕೆಳಗಿನ ಕೋರ್ಟಿನಲ್ಲಿ ಇದನ್ನು ಹೇಳಿದ್ದಿರೇನು?’ ನಮ್ಮ ಹತ್ತಿರ ಉತ್ತರ ಇರಲಿಲ್ಲ. ಶಿಕ್ಷೆ ಕಡಿಮೆ ಆಯಿತು. ಅಪರಾಧಿ ಅನ್ನೋ ಹೆಸರು ಹೋಗಲಿಲ್ಲ. ಆ ಕಾಕಾ ಇವತ್ತಿಗೂ ಮದುವಿ ಮನೀಗೆ ಹೋದರ ಹಿಂದಿನ ಸಾಲಿನಾಗ ಕೂಡ್ತಾರ.

ಇದರಾಗ ಮರಾಠಿಯ ತಪ್ಪೇನೂ ಇಲ್ಲ. ನಮ್ಮ ಜೊತೆ ಕೆಲಸ ಮಾಡುವ ಮರಾಠಿ ವಕೀಲರೇ ಈ ಕಡತ ಓದಿ ಮೊದಲು ಸಂಕಟಪಟ್ಟವರು. ಇದ್ದ ಕಾನೂನನ್ನು ಯಾರೂ ಕೇಳಲಿಲ್ಲ, ತಪ್ಪು ಅಲ್ಲೇ ಆಗಿದ್ದು.

ಕಾನೂನು ಏನು ಹೇಳತೈತಿ ನೋಡ್ರಿ. ಆರೋಪಿಗೆ ತಿಳಿಯದ ಭಾಷೆಯಲ್ಲಿ ಸಾಕ್ಷಿ ನುಡಿದರೆ, ಅದನ್ನು ತೆರೆದ ಕೋರ್ಟಿನಲ್ಲೇ ಅವನಿಗೆ ತಿಳಿಯುವ ಭಾಷೆಯಲ್ಲಿ ಹೇಳಬೇಕು. ಹಳೆಯ ಕಾಯ್ದೆಯ 279, ಈಗಿನ 314ನೇ ಕಲಂ. ಎರಡನೆಯದು, ಜೈಲು ಶಿಕ್ಷೆ ಆದವನಿಗೆ ತೀರ್ಪಿನ ಪ್ರತಿ ಪುಕ್ಕಟೆ, ಆಗಿಂದಾಗಲೇ ಸಿಗಬೇಕು. ಅವನು ಅರ್ಜಿ ಕೊಟ್ಟರೆ, ಸಾಧ್ಯವಿದ್ದಲ್ಲಿ, ಅವನದೇ ಭಾಷೆಯ ಅನುವಾದ ಕೊಡಬೇಕು. ಹಳೆಯ 363, ಈಗಿನ 404. ‘ಅವನದೇ ಭಾಷೆ’ ಅಂದ್ರ ಸೋನ್ಯಾಳದವನಿಗೆ ಕನ್ನಡ.

ತೀರ್ಪಿನ ಪ್ರತಿ ಕೈಗೆ ಬರೋದು ಎಷ್ಟು ದೊಡ್ಡ ಮಾತು ಅನ್ನೋದಕ್ಕೆ ಈ ರಾಜ್ಯದ್ದೇ ಒಂದು ಪ್ರಕರಣ ಐತಿ. ಹೊಸ್ಕೋಟ್ ವಿರುದ್ಧ ಮಹಾರಾಷ್ಟ್ರ ಸರಕಾರ, 1978. ಶಿಕ್ಷೆಯಾದವರು ವಿಶ್ವವಿದ್ಯಾಲಯದಲ್ಲಿ ಅಧ್ಯಾಪಕರಾಗಿದ್ದವರು. ಕರ್ನಾಟಕ ವಿಶ್ವವಿದ್ಯಾಲಯದ ಹೆಸರಿನ ನಕಲಿ ಮೊಹರು ಮಾಡಿಸಲು ಹೋದ ಆರೋಪ. ಹೈಕೋರ್ಟು 1973ರಲ್ಲಿ ತೀರ್ಪು ಕೊಟ್ಟು ಅದರ ಪ್ರತಿಯನ್ನು ಯರವಾಡಾ ಜೈಲಿಗೆ ಕಳಿಸಿತ್ತು. ಆದರೆ ಕೈದಿ ಅದನ್ನು ಪಡೆದ ಬಗ್ಗೆ ಸಹಿಯೇ ಇರಲಿಲ್ಲ. ಅವರು ಸುಪ್ರೀಂ ಕೋರ್ಟಿಗೆ ಹೋಗುವ ಹೊತ್ತಿಗೆ ನಾಲ್ಕು ವರ್ಷ ಕಳೆದು ಶಿಕ್ಷೆಯ ಅವಧಿಯೇ ಮುಗಿದಿತ್ತು. ಅವರ ಅರ್ಜಿ ವಜಾ ಆಯಿತು. ಆದರೂ ನ್ಯಾಯಮೂರ್ತಿ ಕೃಷ್ಣ ಅಯ್ಯರ್ ಅವರ ಪೀಠ ಎರಡು ಮಾತು ಖಾಯಂ ಮಾಡಿತು. ತೀರ್ಪಿನ ಪ್ರತಿ ಕೈದಿಗೆ ಕೊಟ್ಟು ಬರಹದಲ್ಲಿ ಪೋಚು ತಗೊಳ್ಳಬೇಕು. ಅಪೀಲಿಗೆ ವಕೀಲರನ್ನು ಇಡಲಾಗದ ಬಡ ಕೈದಿಗೆ ಸರಕಾರದ ಖರ್ಚಿನಲ್ಲಿ ವಕೀಲರು ಸಿಗಬೇಕು. ಇದು ದಾನ ಅಲ್ಲ, ಹಕ್ಕು.

ಅಧ್ಯಾಪಕರಿಗೇ ಹೀಗಾದರೆ, ಹೆಬ್ಬೆಟ್ಟಿನ ನಮ್ಮ ಕಾಕಾನ ಗತಿ ಏನು?

ಭಾಷೆಯ ಬಗ್ಗೆಯೂ ಇದೇ ರಾಜ್ಯದಿಂದ ಹೋದ ಪ್ರಕರಣ ಉಂಟು. 1962ರ ಹರಿಕಿಸನ್ ಪ್ರಕರಣ. ಅದು ಅಪೀಲಿನದಲ್ಲ, ಮುಂಜಾಗ್ರತಾ ಬಂಧನದ್ದು. ಬಂಧನದ ಕಾರಣಗಳನ್ನು ಇಂಗ್ಲಿಷಿನಲ್ಲಿ ಕೊಟ್ಟಿದ್ದರು. ಹಿಂದಿಯಲ್ಲಿ ಕೊಡಿ ಎಂದು ಕೇಳಿದರೂ ಕೊಡಲಿಲ್ಲ. ಮನುಷ್ಯನಿಗೆ ತಿಳಿಯದ ಭಾಷೆಯಲ್ಲಿ ಕಾಗದ ಕೊಟ್ಟರೆ ತಿಳಿಸಿದಂತಾಗಲಿಲ್ಲ ಅಂತ ಸುಪ್ರೀಂ ಕೋರ್ಟು ಅವರನ್ನು ಬಿಡಿಸಿತು. ಗಮನಿಸ್ರಿ, ಅವರು ತಮ್ಮ ಭಾಷೆಯಲ್ಲಿ ಬೇಕು ಅಂತ ಕೇಳಿದ್ದರು. ಕೇಳಿದ್ದಕ್ಕೇ ಆ ಮಾತು ಕಾಗದದ ಮೇಲೆ ಇತ್ತು.

ಈಗ ಕೆಲಸದ ಮಾತು.

ಮ್ಯಾಜಿಸ್ಟ್ರೇಟ್ ಕೋರ್ಟಿನಲ್ಲಿ ಶಿಕ್ಷೆ ಆದರೆ ಸೆಷನ್ಸ್ ಕೋರ್ಟಿಗೆ ಅಪೀಲು, ಮುದ್ದತು 30 ದಿನ. ಸೆಷನ್ಸ್ ಕೋರ್ಟಿನ ಶಿಕ್ಷೆಗೆ ಹೈಕೋರ್ಟಿಗೆ ಅಪೀಲು, 60 ದಿನ. ತೀರ್ಪಿನ ನಕಲು ತೆಗೆಸಲು ಹಿಡಿದ ದಿನಗಳನ್ನು ಇದರಲ್ಲಿ ಎಣಿಸುವುದಿಲ್ಲ. ತಡವಾದರೆ ಕಾರಣ ಹೇಳಿ ಮನ್ನಿಸಲು ಕೇಳಬಹುದು. ಅದಕ್ಕೆ ‘ಮುದ್ದತು ಮುಗೀತು’ ಅಂತ ಯಾರಾದರೂ ಅಂದರೂ ಕೈಬಿಡಬ್ಯಾಡ್ರಿ. ಮೊದಲು ಸಾಂಗಲಿ ಜಿಲ್ಲೆಯ ಹೈಕೋರ್ಟು ಅಪೀಲು ಅಂದ್ರ ಮುಂಬೈ. 2025ರ ಆಗಸ್ಟ್ 18ರಿಂದ ಕೊಲ್ಹಾಪುರದಲ್ಲಿ ಪೀಠ ಶುರುವಾಗೈತಿ. ಅಪೀಲು ಹತ್ತಿರ ಬಂತು, ಅದನ್ನು ಹಿಡಿಯೋದು ನಮ್ಮ ಕೆಲಸ.

ಒಳಗಿದ್ದವನು ವಕೀಲರಿಲ್ಲದೆಯೂ ಅಪೀಲು ಅರ್ಜಿಯನ್ನು ಜೈಲಿನ ಅಧಿಕಾರಿಯ ಕೈಗೆ ಕೊಡಬಹುದು. ಅವರು ಅದನ್ನು ಕೋರ್ಟಿಗೆ ಕಳಿಸಲೇಬೇಕು. ಈಗಿನ 424ನೇ ಕಲಂ.

ಪುಕ್ಕಟೆ ವಕೀಲರ ಹಕ್ಕು 1987ರ ಕಾನೂನು ಸೇವಾ ಪ್ರಾಧಿಕಾರಗಳ ಕಾಯ್ದೆಯಲ್ಲಿದೆ. ಕೋರ್ಟಿನ ಬೋರ್ಡಿನ ಮ್ಯಾಲೆ ಮರಾಠಿಯಲ್ಲಿ ‘ವಿಧಿ ಸೇವಾ ಪ್ರಾಧಿಕರಣ’ ಅಂತ ಬರೆದಿರತೈತಿ. ಹೆಂಗಸರು, ಮಕ್ಕಳು, ಪರಿಶಿಷ್ಟ ಜಾತಿ ಪಂಗಡದವರು, ಅಂಗವಿಕಲರು, ಜೈಲಿನಲ್ಲಿರುವವರು, ಇವರಿಗೆ ಆದಾಯದ ದಾಖಲೆ ಬೇಕಿಲ್ಲ. ಉಳಿದವರಿಗೆ ಆದಾಯದ ಮಿತಿ ಇದೆ. ಫೋನ್ ನಂಬರು 15100. ಸಂವಿಧಾನದ 350ನೇ ವಿಧಿಯ ಪ್ರಕಾರ, ರಾಜ್ಯದಲ್ಲಿ ಬಳಕೆಯಲ್ಲಿರುವ ಯಾವುದೇ ಭಾಷೆಯಲ್ಲಿ ಅಧಿಕಾರಿಗಳಿಗೆ ಮನವಿ ಕೊಡಬಹುದು. ಕೋರ್ಟಿನ ವಾದಪತ್ರದ ಮಾತು ಬೇರೆ. ಮನವಿಯನ್ನು ಕನ್ನಡದಲ್ಲೇ ಬರೀರಿ. ಜಲ್ದಿ ಕೆಲಸ ಆಗಲಿ ಅಂತ ಜೊತೆಗೆ ಮರಾಠಿ ಪ್ರತಿಯನ್ನೂ ಇಡ್ರಿ.

ಕೊನೆಯ ಮಾತು ನಿಮ್ಮದು, ತಮ್ಮಗೋಳ್ರ್ಯಾ, ತಂಗಿಗೋಳ್ರ್ಯಾ. ಕನ್ನಡ ಸಾಲ್ಯಾಗ ಓದೀರಿ, ಮರಾಠಿನೂ ಬರತೈತಿ. ನಿಮ್ಮ ಅಜ್ಜಗ, ಆಯಿಗೆ ಬರೋದಿಲ್ಲ. ಮನಿಯವರೋ ಓಣಿಯವರೋ ಯಾರದಾದರೂ ತಾರೀಖು ಇದ್ದರೆ ಒಬ್ಬರು ಜೊತೆಗೆ ಹೋಗ್ರಿ. ಮೊದಲ ದಿನವೇ ಅವರ ವಕೀಲರ ಮುಖಾಂತರ ಒಂದು ಅರ್ಜಿ ಹಾಕಿಸ್ರಿ: ‘ಆರೋಪಿಗೆ ಮರಾಠಿ ತಿಳಿಯುವುದಿಲ್ಲ, ಕನ್ನಡದಲ್ಲಿ ತಿಳಿಸಬೇಕು, ಈ ಮಾತು ದಾಖಲಾಗಬೇಕು.’ ಮೂರೇ ಮಾತಿನ ಕಾಗದ. ಮುಂದೆ ಅಪೀಲಿನಲ್ಲಿ ನಮಗೆ ಹಿಡಿಯಲು ಸಿಗುವ ಗೂಟ ಅದೇ.

ಕಲಂ 404ರಲ್ಲಿ ‘ಸಾಧ್ಯವಿದ್ದಲ್ಲಿ’ ಅಂತ ಒಂದು ಶಬ್ದ ಐತಿ ಅಂದೆವಲ್ಲ. ಅನುವಾದ ಮಾಡೋರಿಲ್ಲ, ಸಾಧ್ಯವಿಲ್ಲ ಅಂತ ಹೇಳೋದು ಸಸಾರ. ಎರಡೂ ಭಾಷೆ ಬಲ್ಲ ಹುಡುಗರು ಪ್ಯಾರಾ ಲೀಗಲ್ ವಾಲಂಟಿಯರ್ ಆಗಿ ಹೆಸರು ಬರೆಸಿದರೆ, ಕಾನೂನು ಓದಲು ಹೋದರೆ, ಹಂಗ ಹೇಳೋದು ಕಠಿಣ ಆಗತೈತಿ.

ಕನ್ನಡ ಉಳಿಸೋಣ ಅಂತ ನಾವೆಲ್ಲ ಬೋರ್ಡಿಗೆ, ಸಾಲಿಗೆ ಹೋರಾಡ್ತೀವಿ. ಹೋರಾಡೋಣ. ಆದರೆ ಒಬ್ಬ ಮುದುಕ ಕಟಕಟೆಯಲ್ಲಿ ನಿಂತು ಹೆದರಿ ‘ಹೋ’ ಅಂದಾಗ, ಅವನ ಪಕ್ಕದಲ್ಲಿ ‘ಸಾಹೇಬ್ರ, ಇವರಿಗೆ ತಿಳಿದಿಲ್ರಿ’ ಅಂತ ಹೇಳೋ ಒಂದು ದನಿ ಇರಲಿ. ಆ ದನಿ ನಿಮ್ಮದಾಗಲಿ.