ಹಿರಿಯರಿಗೆ ಒಗ್ಗುವ ನೆರೆಹೊರೆ
(ವಾಚನಾಲಯದ ಮಾಸಿಕ ಸಭೆಯಲ್ಲಿ ಮಾಡಿದ ಭಾಷಣ)



ಹೊಟ್ಟೆಪಾಡಿಗೆಂದು ನಾವು ಮುಂಬಯಿಗೆ ಬಂದೆವು. ಊರಲ್ಲಿ ನೋಡಿಕೊಳ್ಳುವವರಿಲ್ಲವೆಂದು ತಂದೆತಾಯಿಗಳನ್ನೂ ಕರೆತಂದೆವು. ಚಾಳಿನ ಖೋಲಿಯಲ್ಲಿ ಅವರಿಗೆ ಅನ್ನವುಂಟು, ಹಾಸಿಗೆಯುಂಟು. ಆದರೆ ನಾವು ಪಾಳಿಗೆ ಹೋದ ಮೇಲೆ ಅವರ ದಿನ ಹೇಗೆ ಕಳೆಯುತ್ತದೆ? ಮೂರನೆಯ ಮಾಳಿಗೆಯಿಂದ ಇಳಿದರೆ ಮತ್ತೆ ಹತ್ತಲಾರರು. ಸಂಡಾಸು ಗ್ಯಾಲರಿಯ ಕೊನೆಗೆ. ಅಲ್ಲಿ ದೀಪವಿಲ್ಲ, ನೆಲ ಒದ್ದೆ. ಮಾತಾಡೋಣವೆಂದರೆ ಮರಾಠಿ, ಹಿಂದಿ ಬಾರದು. ಊರ ಕಟ್ಟೆಯ ಮೇಲೆ ನಾಲ್ಕು ಮಂದಿಗೆ ಬುದ್ಧಿ ಹೇಳಿದವರು ಇಲ್ಲಿ ಮೂಲೆಯಲ್ಲಿ ಮೂಕರಾಗುತ್ತಾರೆ.

ಇದು ನಮ್ಮ ಚಾಳಿನ ಚಿಂತೆಯಷ್ಟೇ ಅಲ್ಲ. ವಿಶ್ವ ಆರೋಗ್ಯ ಸಂಸ್ಥೆ 33 ನಗರಗಳ ವೃದ್ಧರನ್ನು ವಿಚಾರಿಸಿ 2007ರಲ್ಲಿ ಒಂದು ಕೈಪಿಡಿ ಹೊರತಂದಿತು. ದೆಹಲಿ, ಉದಯಪುರಗಳೂ ಆ ನಗರಗಳಲ್ಲಿ ಸೇರಿದ್ದವು. ವಸತಿ, ಓಡಾಟ, ವೈದ್ಯಸಹಾಯ ಮೊದಲಾದ ಎಂಟು ವಿಷಯಗಳಲ್ಲಿ ಜನರೊಡನೆ ಬೆರೆಯುವ ಅವಕಾಶವನ್ನೂ, ಗೌರವವನ್ನೂ ಅದು ಎಣಿಸಿದೆ.

ನಮ್ಮ ಸರ್ಕಾರವೂ ಅದೇ 2007ರಲ್ಲಿ ತಂದೆತಾಯಿಗಳ ಪೋಷಣೆಯ ಕಾಯಿದೆ ಮಾಡಿತು. ಸ್ವಂತ ಗಳಿಕೆಯಿಂದ, ಆಸ್ತಿಯಿಂದ ಬದುಕಲಾರದ ತಂದೆತಾಯಿ ತಾವಿರುವ ಜಿಲ್ಲೆಯಲ್ಲಾಗಲಿ, ಮಕ್ಕಳಿರುವ ಜಿಲ್ಲೆಯಲ್ಲಾಗಲಿ ನ್ಯಾಯಮಂಡಳಿಗೆ ಅರ್ಜಿ ಕೊಡಬಹುದು. ಅವರನ್ನು ಊರಲ್ಲೇ ಬಿಟ್ಟು ಬಂದ ನಾವು ಇದನ್ನು ನೆನಪಿಡಬೇಕು. ಹಿರಿಯರ ಸಹಾಯಕ್ಕೆ 14567 ಎಂಬ ದೂರವಾಣಿಯೂ ಇದೆ. ಆದರೆ ಕಾಯಿದೆ ಹಣ ಕೊಡಿಸೀತು. ಜೊತೆಗೆ ಕೂತು ಮಾತಾಡೀತೆ?

ಆದುದರಿಂದ ನಮ್ಮ ಕೈಲಾಗುವ ನಾಲ್ಕು ಕೆಲಸಗಳನ್ನು ಸೂಚಿಸುತ್ತೇವೆ. ಒಂದು, ಪ್ರತಿ ಚಾಳಿನವರೂ ವಂತಿಗೆ ಕೂಡಿಸಿ ಮೆಟ್ಟಿಲಿಗೂ ಸಂಡಾಸಿನ ದಾರಿಗೂ ದೀಪ ಹಾಕಿಸುವುದು, ಹಿಡಿಯಲು ಗಟ್ಟಿ ಸರಳು ಕೂಡಿಸುವುದು. ಎರಡು, ಮಧ್ಯಾಹ್ನ 2ರಿಂದ 4ರವರೆಗೆ ವಾಚನಾಲಯ ತೆರೆದು, ಕಣ್ಣು ಮಂಜಾದವರಿಗೂ ಓದು ಬಾರದವರಿಗೂ ಪತ್ರಿಕೆ ಓದಿ ಹೇಳುವುದು. ಮೂರು, ರಾತ್ರಿಪಾಳಿಯವರು ಸರದಿಯಂತೆ ಅವರೊಡನೆ ಆಸ್ಪತ್ರೆಗೆ ಹೋಗಿ, ಅವರ ನೋವನ್ನು ಡಾಕ್ಟರರಿಗೆ ತಿಳಿಯುವ ಭಾಷೆಯಲ್ಲಿ ಹೇಳುವುದು. ನಾಲ್ಕು, ಮರಾಠಿ, ಇಂಗ್ಲಿಷ್ ಶಾಲೆಗೆ ಹೋಗುವ ನಮ್ಮ ಮಕ್ಕಳಿಗೆ ಕನ್ನಡ ಅಕ್ಷರ ಕಲಿಸಲು ಅಕ್ಷರ ಬಲ್ಲ ಹಿರಿಯರನ್ನೇ ಕೇಳಿಕೊಳ್ಳುವುದು.

ಗದ್ದಲವಾದರೆ ಪರೀಕ್ಷೆಗೆ ಓದುವವರಿಗೆ ತೊಂದರೆಯೆಂದು ಕೆಲವರು ಹೇಳುತ್ತಾರೆ. ಆ ಮಾತು ನ್ಯಾಯವೇ. ಅದಕ್ಕೇ ಎರಡು ಗಂಟೆಯ ಮಿತಿ ಇಟ್ಟಿದ್ದೇವೆ. ಮುಂಜಾನೆ, ಸಂಜೆ ಎಂದಿನಂತೆ ಮೌನವಿರಲಿ.

ಹಿರಿಯರಿಗೆ ಬೇಕಾದದ್ದು ಕರುಣೆಯಲ್ಲ, ಕೆಲಸ ಮತ್ತು ಕಿವಿಗೊಡುವ ಜನ. ನಾಳೆ ನಾವೂ ಅದೇ ಮೆಟ್ಟಿಲು ಹತ್ತಬೇಕಾದವರು. ಸರದಿಗೆ ಹೆಸರು ಬರೆಯುವ ಪುಸ್ತಕ ಬಾಗಿಲ ಬಳಿಯ ಮೇಜಿನ ಮೇಲಿದೆ. ಎಲ್ಲರೂ ಹೆಸರು ಕೊಟ್ಟು ಹೋಗಬೇಕೆಂದು ಅರಿಕೆ ಮಾಡಿ ಮಾತು ಮುಗಿಸುತ್ತೇವೆ.