ಪೀಣ್ಯದ ಸಂಬಳ: ತಿಂಗಳಿಗಲ್ಲ, ಗಂಟೆಗೆ ಲೆಕ್ಕ ಹಾಕಿ

ಇವತ್ತಿನ ಎಪಿಸೋಡ್ ಪೀಣ್ಯ, ದಾಸರಹಳ್ಳಿ, ಬೊಮ್ಮಸಂದ್ರದ ಸಿಎನ್‌ಸಿ ಶಾಪ್‌ಗಳಲ್ಲಿ ಕೆಲಸ ಮಾಡೋರಿಗೆ. ಐಟಿಐ, ಡಿಪ್ಲೊಮಾ ಮುಗಿಸಿ ಆ ಕಡೆ ಬಸ್ ಹತ್ತೋಕೆ ರೆಡಿ ಇರೋರಿಗೂ.

ನೀವು ಕೇಳೋ ಪ್ರಶ್ನೆ ಒಂದೇ: ಬೆಂಗಳೂರಲ್ಲಿ ಸಿಎನ್‌ಸಿ ಪ್ರೋಗ್ರಾಮರ್‌ಗೆ ಎಷ್ಟು ಸಂಬಳ? ಇದಕ್ಕೆ ಒಂದೇ ನಂಬರ್ ಇಲ್ಲ. ಯಾಕಂದ್ರೆ ಆ ಹೆಸರಿನ ಕೆಳಗೆ ಮೂರು ಬೇರೆ ಬೇರೆ ಕೆಲಸಗಳಿವೆ. ಒಬ್ಬ ರೆಡಿ ಇರೋ ಪ್ರೋಗ್ರಾಂ ಹಾಕಿ ಆಫ್‌ಸೆಟ್ ಸರಿ ಮಾಡ್ತಾನೆ. ಇನ್ನೊಬ್ಬ ಡ್ರಾಯಿಂಗ್ ನೋಡಿ ಜಿ-ಕೋಡ್ ಬರೆದು, ಟೂಲ್ ಸೆಟ್ ಮಾಡಿ, ಮೊದಲ ಪೀಸ್ ಪಾಸ್ ಮಾಡಿಸ್ತಾನೆ. ಮೂರನೆಯವನು ಮಾಸ್ಟರ್‌ಕ್ಯಾಮ್ ಅಥವಾ ಎನ್‌ಎಕ್ಸ್‌ನಲ್ಲಿ ಫೈವ್-ಆ್ಯಕ್ಸಿಸ್ ಪಾರ್ಟ್‌ಗೆ ಟೂಲ್‌ಪಾತ್ ಮಾಡ್ತಾನೆ. ಆಫರ್ ಲೆಟರ್‌ನಲ್ಲಿ ಮೂವರೂ 'ಪ್ರೋಗ್ರಾಮರ್'! ಹಾಗಾಗಿ ಸಂಬಳ ಕೇಳೋ ಮೊದಲು ಕೆಲಸ ಯಾವುದು ಅಂತ ಕೇಳಿ.

ನಾನು ಬಿಕಾಂ ಓದಿದವನು. ಮೆಷಿನ್ ಪಾಠ ನಿಮಗೆ ಹೇಳಲ್ಲ, ಲೆಕ್ಕ ಹೇಳ್ತೀನಿ.

ಎರಡು ಆಫರ್ ಇದೆ ಅಂದುಕೊಳ್ಳಿ. ಒಂದು ಕಡೆ 20,000, ದಿನಕ್ಕೆ 8 ಗಂಟೆ. ಇನ್ನೊಂದು ಕಡೆ 24,000, ಆದರೆ 12 ಗಂಟೆ ಶಿಫ್ಟ್. ಎರಡೂ ಕಡೆ 26 ದಿನ. ಮನೆಯಲ್ಲಿ ಎಲ್ಲರೂ 24,000ಕ್ಕೆ ಹೋಗು ಅಂತಾರೆ. ಈಗ ಗಂಟೆಗೆ ಭಾಗಿಸಿ. ಮೊದಲನೆಯದು 208 ಗಂಟೆ, ಗಂಟೆಗೆ ಸುಮಾರು 96 ರೂಪಾಯಿ. ಎರಡನೆಯದು 312 ಗಂಟೆ, ಗಂಟೆಗೆ ಸುಮಾರು 77 ರೂಪಾಯಿ. 'ದೊಡ್ಡ' ಸಂಬಳವೇ ಚಿಕ್ಕದಾಯ್ತು.

ಇನ್ನೂ ಇದೆ. 1948ರ ಫ್ಯಾಕ್ಟರಿ ಕಾಯ್ದೆಯ ಕಾಲದಿಂದಲೂ ಓವರ್‌ಟೈಮ್‌ಗೆ ಡಬಲ್ ರೇಟ್ ಕೊಡಬೇಕು. 20,000ದ ಕೆಲಸದಲ್ಲಿ ದಿನಾ 4 ಗಂಟೆ ಓಟಿಗೆ ಡಬಲ್ ಹಾಕಿದರೆ, ಓಟಿ ಒಂದೇ ಇನ್ನೊಂದು 20,000 ಆಗುತ್ತೆ. ದಿನಾ ಅಷ್ಟು ಓಟಿ ಮಾಡಿಸೋಕೆ ಕಾನೂನು ಬಿಡಲ್ಲ, ಅದು ಬೇರೆ ಮಾತು. ಆದರೆ '12 ಗಂಟೆಗೆ ಫಿಕ್ಸೆಡ್ 24,000' ಅಂದಾಗ ನೀವು ಎಷ್ಟು ಬಿಟ್ಟುಕೊಡ್ತಿದ್ದೀರಿ ಅನ್ನೋದು ಗೊತ್ತಿರಲಿ.

ಸಿಟಿಸಿ ಕೂಡ ಹಾಗೇ. ನಿಮ್ಮ ಪಾಲಿನ ಪಿಎಫ್ ಕಟ್ ಆಗೋದು ಸರಿ. ಬಹಳ ಕಡೆ ಕಂಪನಿ ಪಾಲನ್ನೂ ಸಿಟಿಸಿ ಒಳಗೇ ತೋರಿಸ್ತಾರೆ. ಕೈಗೆ ಬರೋದೆಷ್ಟು ಅಂತ ನೇರವಾಗಿ ಕೇಳಿ.

ಇನ್ನು ಹೈಕ್ ಕೇಳೋದು ಹೇಗೆ? 'ಮೂರು ವರ್ಷ ಆಯ್ತು ಸಾರ್' ಅಂದರೆ ಓನರ್ ಕರಗಲ್ಲ. ಸೈಕಲ್ ಟೈಮ್ ತೋರಿಸಿ. ಒಂದು ಪಾರ್ಟ್ 12 ನಿಮಿಷ ತಗೊಳ್ತಿತ್ತು, ನಿಮ್ಮ ಪ್ರೋಗ್ರಾಂನಿಂದ 10ಕ್ಕೆ ಇಳಿಯಿತು ಅಂತಿಟ್ಟುಕೊಳ್ಳಿ. ಮೆಷಿನ್ 20 ಗಂಟೆ ಓಡಿದರೆ 100ರ ಬದಲು 120 ಪೀಸ್. ಹೊಸ ಮೆಷಿನ್ ಇಲ್ಲದೆ 20 ಪೀಸ್ ಜಾಸ್ತಿ! ಹಳೇ ಟೈಮ್, ಹೊಸ ಟೈಮ್, ತಾರೀಖು, ಇಷ್ಟನ್ನು ಒಂದು ಚಿಕ್ಕ ನೋಟ್‌ಬುಕ್‌ನಲ್ಲಿ ಬರೆದಿಡಿ. ಕಂಪನಿಯ ಡ್ರಾಯಿಂಗ್, ಪ್ರೋಗ್ರಾಂ ಮಾತ್ರ ಫೋನಿಗೆ ಹಾಕ್ಕೋಬೇಡಿ.

ಕೊನೆಗೆ ಇಷ್ಟೇ. ಸೈನ್ ಹಾಕೋ ಮೊದಲು ಮೂರು ಪ್ರಶ್ನೆ: ಕೆಲಸ ಯಾವುದು, ಗಂಟೆ ಎಷ್ಟು, ಓಟಿ ರೇಟ್ ಏನು? ಉತ್ತರ ಬರೆದು ಕೊಡಿ ಅನ್ನಿ. ಮೈಕ್ರಾನ್ ಲೆಕ್ಕದಲ್ಲಿ ಕೆಲಸ ಮಾಡೋ ನೀವು ಸಂಬಳವನ್ನು ಮಾತ್ರ ಅಂದಾಜಿಗೆ ಬಿಡಬೇಡಿ.

ಶಿಫ್ಟ್ ಮುಗಿಸಿ ಕೇಳ್ತಿದ್ದರೆ ಹುಷಾರಾಗಿ ಮನೆ ಸೇರಿ. ಮುಂದಿನ ವಾರ ಸಿಗೋಣ.