ತಲೆಗೆ ಪೆಟ್ಟಾಗಿ ಕಾಯಕ ತಪ್ಪಿದವರು



ಕಲ್ಯಾಣದ ನೆಲದಲ್ಲಿ ಮನುಷ್ಯನ ಹೆಸರಿಗೂ ಅವನ ಕಾಯಕಕ್ಕೂ ಇರುವ ನಂಟು ಎಲ್ಲರೂ ಬಲ್ಲ ವಿಷಯವೇ ಆಗಿದೆ. ಹನ್ನೆರಡನೆಯ ಶತಮಾನದಲ್ಲಿ ಇಲ್ಲಿ ಕೂಡಿದ ಶರಣರನ್ನು ನೆನೆಯುವಾಗ ನುಲಿಯ ಚಂದಯ್ಯ, ಮಡಿವಾಳ ಮಾಚಯ್ಯ, ಅಂಬಿಗರ ಚೌಡಯ್ಯ, ಹಡಪದ ಅಪ್ಪಣ್ಣ ಎಂದು ಕಾಯಕವನ್ನು ಮುಂದಿಟ್ಟೇ ಹೆಸರು ಹೇಳುವ ವಾಡಿಕೆಯು ಇಂದಿಗೂ ನಡೆದು ಬಂದಿರುವದು. ಹಗ್ಗ ಹೊಸೆಯುವದಾಗಲಿ ಬಟ್ಟೆ ಒಗೆಯುವದಾಗಲಿ ದೋಣಿ ನಡೆಸುವದಾಗಲಿ ಕೀಳೆಂದು ಅಲ್ಲಿ ಯಾರೂ ಎಣಿಸಲಿಲ್ಲ. ಆದರೆ ಕಾಯಕವೇ ಮನುಷ್ಯನ ಹೆಸರಾದ ಮೇಲೆ, ಆ ಕಾಯಕವು ಕೈಯಿಂದ ಜಾರಿ ಹೋದವನನ್ನು ಏನೆಂದು ಕರೆಯಬೇಕು? ಮೈಗಳ್ಳತನದಿಂದ ದುಡಿಮೆ ಬಿಟ್ಟವನ ಮಾತು ಇದಲ್ಲ. ನಿನ್ನೆಯ ವರೆಗೆ ದುಡಿದು ಹತ್ತು ಜನರನ್ನು ಸಾಕಿದವನು, ತಲೆಗೆ ಬಿದ್ದ ಒಂದೇ ಪೆಟ್ಟಿನಿಂದ ಆ ದುಡಿಮೆಗೆ ಎರವಾದರೆ ಅವನ ಗತಿ ಏನು ಎಂಬದೇ ಇಂದಿನ ವಿಚಾರ.

ಈ ಪ್ರಶ್ನೆಯು ಬಸವಕಲ್ಯಾಣ, ಹುಮನಾಬಾದಗಳ ಜನರಿಗೆ ದೂರದ್ದೇನೂ ಅಲ್ಲ. ಪುಣೆಯಿಂದ ಸೋಲಾಪುರ, ಉಮರ್ಗಾಗಳನ್ನು ದಾಟಿ ಹೈದರಾಬಾದಿಗೆ ಹೋಗುವ ಹೆದ್ದಾರಿಯು ಬಸವಕಲ್ಯಾಣದ ಮಗ್ಗುಲಿಗೆ ಬಂದು ಹುಮನಾಬಾದವನ್ನು ಹಾದು ಹೋಗುವದು. ಮೊದಲು ಅದಕ್ಕೆ 9 ಎಂಬ ಸಂಖ್ಯೆ ಇದ್ದಿತು, ಈಗ 65 ಆಗಿದೆ. ಬಸವಕಲ್ಯಾಣವಂತೂ ಶರಣರ ಊರಾಗಿರುವಂತೆಯೇ ಲಾರಿಗಳ ಊರೂ ಹೌದು. ಲಾರಿ ನಡೆಸುವವರು, ಅದರ ಕ್ಲೀನರುಗಳು, ಗ್ಯಾರೇಜಿನ ಮಿಸ್ತ್ರಿಗಳು, ಬಾಡಿ ಕಟ್ಟುವವರು, ಟಾಯರು ಕೂಡಿಸುವವರು ಇಲ್ಲಿ ಎಷ್ಟೋ ಮನೆಗಳಲ್ಲಿ ಇರುವರು. ಇರುಳು ಹೊತ್ತಿನ ಡಿಕ್ಕಿ, ತಲೆಗಾಪು ಇಲ್ಲದ ಮೋಟಾರು ಸೈಕಲ್ಲು, ಸರಕು ಹೇರುವಾಗ ಮೇಲಿನಿಂದ ಬೀಳುವದು—ಇವುಗಳಲ್ಲಿ ಯಾವದಾದರೂ ಒಂದು ಸಾಕು.

ತಲೆಗೆ ಪೆಟ್ಟಾದಾಗ ಒಳಗೆ ಆಗುವದೇನೆಂಬದನ್ನು ತುಸು ಬಿಡಿಸಿ ಹೇಳುವದು ಅವಶ್ಯ. ಮೆದುಳು ಬೆಣ್ಣೆಯಂತೆ ಮೆತ್ತಗಿನ ವಸ್ತು. ಗಟ್ಟಿಯಾದ ತಲೆಬುರುಡೆಯೊಳಗೆ ನೀರಿನಲ್ಲಿ ತೇಲಿದಂತೆ ಇರುವದು. ಓಡುವ ವಾಹನವು ಥಟ್ಟನೆ ನಿಂತಾಗ ತಲೆಯು ನಿಂತರೂ ಮೆದುಳು ನಿಲ್ಲದೆ ಮುಂದಕ್ಕೆ ಹೋಗಿ ಬುರುಡೆಗೆ ಬಡಿಯುತ್ತದೆ, ಹಿಂದಕ್ಕೆ ಬಂದು ಇನ್ನೊಮ್ಮೆ ಬಡಿಯುತ್ತದೆ. ಆ ಜಗ್ಗಾಟದಲ್ಲಿ ಕೂದಲಿಗಿಂತ ಸೂಕ್ಷ್ಮವಾದ ನರತಂತುಗಳು ಹಿಗ್ಗಿ ಹರಿಯುವವು. ಅವು ಎಷ್ಟು ಸೂಕ್ಷ್ಮವೆಂದರೆ, ಯಂತ್ರದಲ್ಲಿ ತೆಗೆದ ತಲೆಯ ಚಿತ್ರದಲ್ಲಿ ಏನೂ ಕಾಣದೆ ಇರಬಹುದು. ಪ್ರಜ್ಞೆ ಎಷ್ಟು ತಪ್ಪಿದೆ ಎಂಬದನ್ನು ಅಳೆಯಲು 1974ರಲ್ಲಿ ಗ್ಲಾಸ್ಗೋ ನಗರದ ವೈದ್ಯರು ಮಾಡಿದ 15 ಅಂಕಗಳ ಅಳತೆಯನ್ನು ಇಂದು ಎಲ್ಲೆಡೆ ಬಳಸುವರು. 13ರಿಂದ 15 ಅಂಕ ಬಂದರೆ ಪೆಟ್ಟು ಸೌಮ್ಯವೆಂದು ಲೆಕ್ಕ. ಸೌಮ್ಯವೆಂಬದು ವೈದ್ಯರ ಮಾತು. ಮನೆಯವರ ಪಾಲಿಗೆ ಅದು ಯಾವಾಗಲೂ ಸೌಮ್ಯವಾಗಿಯೇ ಇರುವದೆಂದಲ್ಲ.

ಒಬ್ಬ ಮಿಸ್ತ್ರಿಯನ್ನು ಭಾವಿಸಿಕೊಳ್ಳಿರಿ. ಹುಮನಾಬಾದದ ನಾಕೆಯ ಬಳಿ ಬಿದ್ದನು, ದವಾಖಾನೆಯಲ್ಲಿ ಹದಿನೈದು ದಿವಸ ಇದ್ದನು, ಗಾಯ ಮಾಯಿತು, ಮನೆಗೆ ಬಂದನು. ಕೈಕಾಲು ನೆಟ್ಟಗಿವೆ, ಮಾತು ನೆಟ್ಟಗಿದೆ, ಊಟ ಸೇರುತ್ತದೆ. "ದೇವರು ದೊಡ್ಡವ" ಎಂದು ಬಂಧುಗಳು ಕೈಮುಗಿದು ಹೋದರು. ಎರಡು ತಿಂಗಳಿಗೆ ಗ್ಯಾರೇಜಿಗೆ ಹೋದನು. ಬಿಚ್ಚಿದ ಇಂಜಿನನ್ನು ತಿರುಗಿ ಕೂಡಿಸುವಾಗ ಯಾವದು ಮೊದಲು ಯಾವದು ಹಿಂದು ಎಂಬದು ಹೊಳೆಯದು. ಬೆಳಿಗ್ಗೆ ಗಿರಾಕಿ ಹೇಳಿದ್ದು ಮಧ್ಯಾಹ್ನಕ್ಕೆ ನೆನಪಿಲ್ಲ. ಸುತ್ತಿಗೆಯ ಸಪ್ಪಳಕ್ಕೆ ತಲೆ ಸಿಡಿಯುತ್ತದೆ. ಮೂರು ತಾಸಿಗೆ ಮೈ ಸೋತು ಮಲಗಬೇಕೆನಿಸುತ್ತದೆ. ಶಾಂತ ಸ್ವಭಾವದವನು ಸಣ್ಣ ಮಾತಿಗೆ ಸಿಟ್ಟಿಗೇಳುವನು, ಇಲ್ಲವೆ ಯಾರಾದರೂ ಎಬ್ಬಿಸುವ ತನಕ ಸುಮ್ಮನೆ ಕುಳಿತುಬಿಡುವನು. ಮಾಲಕನು ಒಂದು ತಿಂಗಳು ತಾಳಿದನು, ಎರಡು ತಿಂಗಳು ತಾಳಿದನು; ಮೂರನೆಯ ತಿಂಗಳ ಪಗಾರ ಕೊಟ್ಟು "ಇನ್ನು ಬರಬೇಡಪ್ಪಾ" ಅಂದನು. ಓಣಿಯವರು ಸೋಮಾರಿಯೆಂದರು, ಕುಡಿತ ಕಲಿತನೆಂದರು, ಯಾರೋ ಮಾಟ ಮಾಡಿಸಿದ್ದಾರೆಂದು ಹೇಳುವವರೂ ಸಿಕ್ಕರು. ಕಾಲು ಮುರಿದಿದ್ದರೆ ಇದೇ ಜನ ಕುರ್ಚಿ ಕೊಟ್ಟು ಕೂಡಿಸುತ್ತಿದ್ದರಲ್ಲವೆ? ಕಣ್ಣಿಗೆ ಕಾಣದ ಗಾಯವು ಗುಣದೋಷವೆಂದು ಎಣಿಕೆಯಾಗುವದು. ಈ ರೋಗದ ಅರ್ಧ ಕಷ್ಟ ಇರುವದು ಇಲ್ಲಿಯೇ.

ಇದು ಇಂದಿನ ಹೊಸ ಸಂಗತಿಯಲ್ಲ. ವೈದ್ಯಗ್ರಂಥಗಳಲ್ಲಿ ಪ್ರಸಿದ್ಧನಾದ ಫಿನಿಯಾಸ್ ಗೇಜನೆಂಬ ಅಮೇರಿಕದವನು ರೇಲ್ವೆ ಹಾದಿ ಕಡಿಸುವ ಕೆಲಸದ ಮೇಲೆ ಮುಕಾದಮನಾಗಿದ್ದನು. 1848ನೆಯ ಇಸವಿ ಸೆಪ್ಟೆಂಬರ 13ರಂದು ಬಂಡೆಯ ತೂತಿನಲ್ಲಿ ಮದ್ದು ಜಡಿಯುವಾಗ ಅದು ಸಿಡಿದು, ಮೂರೂವರೆ ಅಡಿಗಿಂತ ಉದ್ದವಾದ, ಸುಮಾರು 6 ಕಿಲೋ ತೂಕದ ಕಬ್ಬಿಣದ ಸಲಾಕೆಯು ಅವನ ಎಡಗೆನ್ನೆಯೊಳಗೆ ಹೊಕ್ಕು ನೆತ್ತಿಯಿಂದ ಹೊರಬಿದ್ದಿತು. ಆಶ್ಚರ್ಯವೆಂದರೆ ಅವನು ಬದುಕಿದನು. ಕೆಲವು ತಿಂಗಳಲ್ಲಿ ನಡೆದಾಡುವಂತಾದನು. ಆದರೆ ಮೊದಲು ಅವನನ್ನು ತಮ್ಮಲ್ಲಿ ಅತ್ಯಂತ ದಕ್ಷನೆಂದು ಹೊಗಳಿದ ಗುತ್ತಿಗೆದಾರರೇ, ಸ್ವಭಾವವು ತೀರ ಬದಲಾಯಿತೆಂದು ಹೇಳಿ ಆ ಜಾಗವನ್ನು ತಿರುಗಿ ಕೊಡಲೊಪ್ಪಲಿಲ್ಲವೆಂದು ಅವನಿಗೆ ಚಿಕಿತ್ಸೆ ಮಾಡಿದ ವೈದ್ಯ ಹಾರ್ಲೋ ಎಂಬಾತನು ಬರೆದಿಟ್ಟಿರುವನು. ಸಾಮಾನ್ಯವಾಗಿ ಈ ಕಥೆಯನ್ನು ಇಲ್ಲಿಗೇ ನಿಲ್ಲಿಸುವರು. ಮುಂದಿನದು ಇದಕ್ಕಿಂತ ಮುಖ್ಯವಾದುದು. ಗೇಜನು ಕುದುರೆ ಲಾಯವೊಂದರಲ್ಲಿ ಸುಮಾರು ಒಂದೂವರೆ ವರ್ಷ ದುಡಿದನು. 1852ರಲ್ಲಿ ಚಿಲಿ ದೇಶಕ್ಕೆ ಹೋಗಿ ಅಲ್ಲಿ ಪ್ರವಾಸಿಗಳ ಕುದುರೆಗಾಡಿ ನಡೆಸುತ್ತ ಏಳು ವರ್ಷದಷ್ಟು ಕಾಲ ಕಳೆದನು. ದಿನವೂ ಅದೇ ಹೊತ್ತಿಗೆ ಏಳುವದು, ಅವೇ ಕುದುರೆಗಳಿಗೆ ಮೈ ತಿಕ್ಕುವದು, ಅದೇ ಹಾದಿಯಲ್ಲಿ ಗಾಡಿ ಹೊಡೆಯುವದು: ಈ ಕಟ್ಟುಪಾಡಿನ ಕೆಲಸವೇ ಅವನ ಒಡೆದ ಮನಸ್ಸಿಗೆ ಊರುಗೋಲಾಗಿರಬೇಕೆಂದು ಈಚಿನ ಸಂಶೋಧಕರು ಊಹಿಸುವರು. 1859ರಲ್ಲಿ ಕಾಯಿಲೆಬಿದ್ದು ತಾಯಿಯ ಬಳಿಗೆ ಬಂದನು. ಮರುವರ್ಷ ಮೂರ್ಛೆರೋಗ ಹೆಚ್ಚಿ ತೀರಿಕೊಂಡನು. ಪೆಟ್ಟಾಗಿ ಹನ್ನೊಂದು ವರ್ಷವಾದ ಮೇಲೆಯೂ ಮೂರ್ಛೆ ಬರಬಹುದೆಂಬದನ್ನು ಲಾರಿಯ ಊರಿನವರು ವಿಶೇಷವಾಗಿ ಲಕ್ಷ್ಯದಲ್ಲಿಡತಕ್ಕದ್ದು. ಮೂರ್ಛೆ ಬರುವವನ ಕೈಗೆ ಚಕ್ರವನ್ನು ಕೊಡುವದು ದಯೆಯಲ್ಲ. ಅವನಿಗೂ ದಾರಿಯ ಮೇಲಿನವರಿಗೂ ಮಾಡುವ ಅಪಕಾರ.

ಇನ್ನು ಮನೆಯ ಹೆಣ್ಣುಮಗಳ ಮಾತು. ಆಯ್ದಕ್ಕಿ ಮಾರಯ್ಯನು ಅನುಭವಗೋಷ್ಠಿಯಲ್ಲಿ ಮೈಮರೆತು ಕುಳಿತಾಗ ಲಕ್ಕಮ್ಮನು ಅವನ ಕಾಯಕವನ್ನು ನೆನಪು ಮಾಡಿಕೊಟ್ಟಳೆಂದು ಶರಣರ ಚರಿತ್ರೆಯು ಹೇಳುವದು. ಆ ಒಂದು ಮಾತಿಗೆ ಮಾರಯ್ಯನು ಎದ್ದನು, ಏಕೆಂದರೆ ಕೇಳಿದ್ದನ್ನು ಹಿಡಿದಿಡುವ ಮನಸ್ಸು ಅವನಲ್ಲಿ ಇಡಿಯಾಗಿ ಇದ್ದಿತು. ಮೆದುಳಿಗೆ ಪೆಟ್ಟಾದವನ ಹೆಂಡತಿಯು ದಿನಕ್ಕೆ ಹತ್ತು ಸಲ ನೆನಪು ಮಾಡಿಕೊಟ್ಟರೂ ಮಾತು ಸೋರಿ ಹೋಗುವದು. ಅವಳು ಗಂಡನನ್ನು ನೋಡಿಕೊಳ್ಳಬೇಕು, ಹೋದ ಪಗಾರವನ್ನು ತಾನು ದುಡಿದು ತುಂಬಬೇಕು, ಅತ್ತೆಯಿಂದ "ನನ್ನ ಮಗ ಹೀಗಿರಲಿಲ್ಲ" ಎಂಬ ಮಾತನ್ನೂ ಕೇಳಬೇಕು. ಊರು ಮೊದಲು ಆಸರೆ ಕೊಡಬೇಕಾದದ್ದು ಅವಳಿಗೆ. ಅವಳಿಗೆ ಹೇಳತಕ್ಕ ಉಪಾಯಗಳು ಸಾದಾ ಇವೆ. ಹೇಳುವ ಬದಲು ಬರೆದು ಗೋಡೆಗೆ ಅಂಟಿಸುವದು, ಒಂದು ಸಲಕ್ಕೆ ಒಂದೇ ಕೆಲಸ, ಮಧ್ಯಾಹ್ನ ಕಡ್ಡಾಯವಾಗಿ ನಿದ್ರೆ, ಗದ್ದಲದಿಂದ ದೂರ, ಮದ್ಯವಂತೂ ಬೇಡವೇ ಬೇಡ. ಮೊದಲ ಆರು ತಿಂಗಳಲ್ಲಿ ಗುಣ ಬೇಗ ಕಾಣುವದು. ಅನಂತರ ನಿಧಾನವಾದರೂ ವರ್ಷಗಟ್ಟಲೆ ಸುಧಾರಣೆ ನಡೆದೇ ಇರುವದು. ಆದಕಾರಣ ಆರು ತಿಂಗಳಿಗೆ ಕೈಬಿಡುವದು ಅವಸರವಾಗುವದು.

ಕಾನೂನಿನಲ್ಲಿಯೂ ಆಸರೆ ಇದೆ, ಆದರೆ ಕೇಳಿದವರಿಗೆ ಮಾತ್ರ. 2016ರ ವಿಕಲಚೇತನರ ಹಕ್ಕುಗಳ ಕಾಯಿದೆಯ 20ನೆಯ ಕಲಮಿನ ಪ್ರಕಾರ, ಸರಕಾರಿ ನೌಕರನು ಸೇವೆಯಲ್ಲಿರುವಾಗ ವೈಕಲ್ಯ ಹೊಂದಿದರೆ ಅವನನ್ನು ತೆಗೆದುಹಾಕಲಾಗದು, ಕೆಳಗಿನ ದರ್ಜೆಗೆ ಇಳಿಸಲೂ ಆಗದು. ಹಳೆಯ ಕೆಲಸ ಆಗದಿದ್ದರೆ ಅದೇ ಪಗಾರದ ಬೇರೆ ಕೆಲಸ ಕೊಡಬೇಕು. ಅದೂ ಇಲ್ಲವಾದರೆ ತಕ್ಕ ಜಾಗ ದೊರೆಯುವ ವರೆಗೆ, ಇಲ್ಲವೆ ನಿವೃತ್ತಿಯ ವರೆಗೆ, ಹೆಚ್ಚುವರಿ ಹುದ್ದೆಯಲ್ಲಿ ಇಟ್ಟುಕೊಳ್ಳಬೇಕು. ಶಾಲೆಯ ಮಾಸ್ತರನಿಗೂ ಬಸ್ಸಿನ ಕಂಡಕ್ಟರನಿಗೂ ಇದು ತಿಳಿಯದೆ, ಮೇಲಿನವರು ಹೇಳಿದರೆಂದು ರಾಜೀನಾಮೆ ಬರೆದುಕೊಟ್ಟು ಬರುವ ಪ್ರಸಂಗ ಬರಬಾರದು. ಆ ಕಾಯಿದೆಯು ಎಣಿಸಿದ 21 ವೈಕಲ್ಯಗಳಲ್ಲಿ ಮೆದುಳಿನ ಪೆಟ್ಟು ಎಂಬ ಹೆಸರೇ ಇಲ್ಲವೆಂಬದು ದೊಡ್ಡ ಕೊರತೆ. ಅದರಿಂದ ಉಳಿದ ದೋಷವನ್ನು—ನಡೆಯ ದೋಷ, ಮಾತಿನ ದೋಷ, ಮನಸ್ಸಿನ ದೋಷ—ವೈದ್ಯರಿಂದ ಬರೆಯಿಸಿಕೊಳ್ಳಬೇಕಾಗುವದು. ನೆನಪು, ಏಕಾಗ್ರತೆಗಳನ್ನು ಅಳೆಯುವ ಪರೀಕ್ಷೆಗಳಿವೆ. ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯಲ್ಲಿ ಅವುಗಳ ಏರ್ಪಾಡೂ ಪುನರ್ವಸತಿಯ ವಿಭಾಗವೂ ಇವೆ. ಬೀದರ ಜಿಲ್ಲೆಯವರಿಗೆ ಅದು ಬಹು ದೂರ, ನಿಜ. ಆದರೂ ಮೊದಲು ಬೀದರದ ವೈದ್ಯಕೀಯ ಸಂಸ್ಥೆಯಲ್ಲಿ ತೋರಿಸಿ ಅಲ್ಲಿಯ ಚೀಟಿಯೊಡನೆ ಹೋದರೆ ಅಲೆದಾಟ ಕಡಿಮೆಯಾದೀತು.

ಖಾಸಗಿ ದುಡಿಮೆಯವರಿಗೆ ದಾರಿ ಬೇರೆ. ಕೆಲಸದಲ್ಲಿದ್ದಾಗ ಆದ ಅವಘಡಕ್ಕೆ ಮಾಲಕನು ಪರಿಹಾರ ಕೊಡಬೇಕೆಂಬ ನಿಯಮವು 1923ರ ಕಾಯಿದೆಯಿಂದ ಬಂದುದು. ಅದನ್ನು 2020ರ ಸಾಮಾಜಿಕ ಭದ್ರತಾ ಸಂಹಿತೆಯಲ್ಲಿ ಸೇರಿಸಲಾಗಿದೆ. ರಸ್ತೆಯ ಅವಘಡಕ್ಕೆ ಮೋಟಾರು ಪರಿಹಾರದ ನ್ಯಾಯಮಂಡಳಿ ಇದೆ. 2019ರ ತಿದ್ದುಪಡಿಯು ಅರ್ಜಿಗೆ 6 ತಿಂಗಳೆಂದು ಹೇಳಿರುವದರಿಂದ, ಗುಣವಾದ ಮೇಲೆ ನೋಡೋಣವೆಂದು ತಡೆಯುವದು ಸರಿಯಲ್ಲ. ವೈದ್ಯರು ಬರೆದ ಶೇಕಡಾ ಅಂಕವೇ ಗಳಿಕೆಯ ನಷ್ಟವಲ್ಲವೆಂದು ಸರ್ವೋಚ್ಚ ನ್ಯಾಯಾಲಯವು 2010ರಲ್ಲಿ ತೀರ್ಪು ಕೊಟ್ಟಿರುವದು: ಎಡಗೈ ಹೋದರೆ ಕಾರಕೂನನ ನೌಕರಿ ಉಳಿಯಬಹುದು, ಚಾಲಕನದಾಗಲಿ ಬಡಿಗನದಾಗಲಿ ಪೂರ್ತಿ ಹೋದಂತೆಯೇ. ನೆನಪು ಹೋದ ಮಿಸ್ತ್ರಿಯ ವಿಷಯದಲ್ಲಿಯೂ ಇದೇ ನ್ಯಾಯವನ್ನು ಎತ್ತಿ ಹೇಳಬಹುದು. ಇಂಥ ಅರ್ಜಿಗಳಿಗೂ ಗುರುತಿನ ಚೀಟಿಗೂ ದಾರಿ ತೋರಿಸಲು ಗ್ರಾಮ ಪಂಚಾಯತಿಗಳಲ್ಲಿ ಗ್ರಾಮೀಣ ಪುನರ್ವಸತಿ ಕಾರ್ಯಕರ್ತರೆಂಬವರು ಇರುವರು. ಅವರ ಹೆಸರನ್ನು ಎಷ್ಟು ಜನ ಕೇಳಿರುವರೋ ತಿಳಿಯದು.

ಮಠವು ಮಾಡಬಹುದಾದದ್ದು ಏನು? ದಾಸೋಹದಲ್ಲಿ ಒಂದು ಎಲೆ ಹಾಕುವದು ಸುಲಭ, ಮಠಗಳು ಅದನ್ನು ಮೊದಲಿನಿಂದ ಮಾಡುತ್ತಲೇ ಬಂದಿರುವವು. ಕಾಯಕ ತಪ್ಪಿದವನಿಗೆ ಬೇಕಾದದ್ದು ಎಲೆಯ ಜೊತೆಗೆ ಒಂದು ಕೆಲಸ. ಚಿಕ್ಕದಾದರೂ ತನ್ನದೆನ್ನುವ ಕೆಲಸ. ದಿನವೂ ಅದೇ ಹೊತ್ತಿಗೆ ಹೂದೋಟಕ್ಕೆ ನೀರು ಬಿಡುವದು, ಪ್ರಸಾದನಿಲಯದ ತಾಟುಗಳನ್ನು ಎಣಿಸಿಡುವದು, ಜಾತ್ರೆಯಲ್ಲಿ ಪಾದರಕ್ಷೆಗಳನ್ನು ಕಾಯುವದು. ಒಲೆಯ ಮುಂದೆ ಮಾತ್ರ ಒಬ್ಬನನ್ನೇ ಬಿಡಬಾರದು. ಹಣೆಯ ಭಾಗಕ್ಕೆ ಪೆಟ್ಟಾದವರಲ್ಲಿ ಕೆಲವರಿಗೆ ವಾಸನೆಯೇ ತಿಳಿಯದು, ಅನಿಲ ಸೋರಿದರೂ ಗೊತ್ತಾಗದು. ಎರಡು ತಾಸಿನಿಂದ ಆರಂಭಿಸಿ ಮೂರಕ್ಕೆ, ನಾಲ್ಕಕ್ಕೆ ಏರಿಸಬೇಕು. ತಪ್ಪಿದಾಗ ಗದರದೆ ಚೀಟಿ ತೋರಿಸಬೇಕು. ಹೀಗೆ ಆರು ತಿಂಗಳು ನಡೆದವನನ್ನು, ಭಕ್ತರಲ್ಲಿಯೇ ಇರುವ ಅಂಗಡಿಯವರೂ ಗ್ಯಾರೇಜಿನ ಮಾಲಕರೂ ಕರೆದು ಅವನಿಗೆ ಒಗ್ಗುವ ಒಂದು ಕೆಲಸ ಹಚ್ಚುವದು ಅಸಾಧ್ಯವೇನೂ ಅಲ್ಲ.

ಹುಣ್ಣಿಮೆಯ ದಿವಸ ಭಕ್ತರು ಹೇಗೂ ಮಠಕ್ಕೆ ಬರುವರು. ಅಂದು ಪೂಜೆ ಮುಗಿದ ಮೇಲೆ ಒಂದು ತಾಸು, ಇಂಥ ಮನೆಗಳವರು ಒಂದೆಡೆ ಕೂಡಲಿ. ಹೆಂಡತಿಯರು, ತಾಯಂದಿರು ಬೇರೆಯಾಗಿ ಕುಳಿತು ಮಾತಾಡಲಿ. ತನ್ನ ಮನೆಯ ಕಥೆಯೇ ಇನ್ನೊಬ್ಬಳ ಬಾಯಲ್ಲಿ ಬಂದಾಗ ಅವಳಿಗೆ ಆಗುವ ಸಮಾಧಾನವನ್ನು ಯಾವ ವೈದ್ಯನೂ ಕೊಡಲಾರನು. ಬರುವಾಗ ದವಾಖಾನೆಯ ಚೀಟಿಗಳನ್ನೂ ಪೋಲೀಸರ ಕಾಗದವನ್ನೂ ಪಗಾರದ ರಸೀದಿಗಳನ್ನೂ ಒಂದು ಗಂಟಿನಲ್ಲಿ ಕಟ್ಟಿ ತರಲಿ. ಅವುಗಳನ್ನು ಓದಿ ಹೇಳಬಲ್ಲ ವಕೀಲರೊಬ್ಬರು ಬಸವಕಲ್ಯಾಣದ ಭಕ್ತರಲ್ಲಿಯೂ ಹುಮನಾಬಾದದ ಭಕ್ತರಲ್ಲಿಯೂ ಇದ್ದೇ ಇರುವರು.